ಸಾಲೊಟಗಿಯ ಕಂಬ, ಶಿರಸಂಗಿಯ ಮೃತ್ಯುಪತ್ರ: ದತ್ತಿ ಕೊಟ್ಟವರು ಯಾರು?

ವಿಜಯನಗರ ಸೋತ 1565ರ ಕಾಳಗ ನಡೆದದ್ದು ಕೃಷ್ಣಾತೀರದ ಬಯಲಿನಲ್ಲಿ. ಹೆಸರು ಹತ್ತಿದ್ದು ತಾಳಿಕೋಟೆಗೆ. ರಕ್ಕಸಗಿ–ತಂಗಡಗಿ ಎಂದು ತಿದ್ದಿ ಹೇಳುವವರು ಬಂದು ಎಷ್ಟೋ ಕಾಲವಾದರೂ ಹಳೆಯ ಹೆಸರು ಕಳಚಿಲ್ಲ. ಅದೇ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಗೂ ಇಂಥದೇ ಅನ್ಯಾಯವಾಗಿದೆ. ಅಲ್ಲಿನ ವಿದ್ಯಾಶಾಲೆಯನ್ನು 'ರಾಷ್ಟ್ರಕೂಟರ ವಿದ್ಯಾಪೀಠ', 'ಮಂತ್ರಿ ನಾರಾಯಣನ ದಾನ' ಎಂದು ಬರೆಯುವ ರೂಢಿ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಇಳಿದುಬಂದಿದೆ. ಅಲ್ಲಿನ ಕಂಬದ ಶಾಸನ ಎಪಿಗ್ರಾಫಿಯಾ ಇಂಡಿಕಾದ 4ನೆಯ ಸಂಪುಟದಲ್ಲಿ ಅಚ್ಚಾಗಿ ಶತಮಾನ ದಾಟಿತು. ಹಾಗೆ ಬರೆಯುವವರು ಅದರ ಮೊದಲರ್ಧವನ್ನಷ್ಟೇ ಓದಿದಂತಿದೆ.

ಶಕ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಪಾವಿಟ್ಟಗೆ (ಇಂದಿನ ಸಾಲೊಟಗಿ) ಅಗ್ರಹಾರದಲ್ಲಿ ಶಾಲೆ ಕಟ್ಟಿಸಿದ. ಇದರಲ್ಲಿ ತಕರಾರಿಲ್ಲ. ಆದರೆ ಕಟ್ಟಡ ಬೇರೆ, ಅದು ನಡೆಯುವ ಬಗೆ ಬೇರೆ. ವಿದ್ಯಾರ್ಥಿಗಳ ಪೋಷಣೆಗೆ 500 ನಿವರ್ತನ ಭೂಮಿ, ಅವರ ವಾಸಕ್ಕೆ 27 ಮನೆಗಳು, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ಇವುಗಳ ಹಿಂದೆ ಊರಿನ ಮುಖ್ಯ ಚಕ್ರಾಯುಧನೂ 200 ಮಂದಿ ಬ್ರಾಹ್ಮಣರೂ ಇದ್ದಾರೆ. ಅಷ್ಟಕ್ಕೇ ನಿಲ್ಲದೆ ಊರು ತನ್ನ ಮೇಲೆ ತಾನೇ ಕಟ್ಟಳೆ ಹಾಕಿಕೊಂಡಿದೆ: ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಅದರರ್ಧ, ಜಾವಳಕ್ಕೆ ಇನ್ನೂ ಕಡಿಮೆ. ಯಾವುದೇ ಕಾರಣಕ್ಕೆ ಬ್ರಾಹ್ಮಣಭೋಜನ ಏರ್ಪಟ್ಟಾಗ ಶಾಲೆಯವರಿಗೂ ಶಕ್ತ್ಯನುಸಾರ ಊಟ ಹಾಕಬೇಕು.

ಜಾವಳ, ಮುಂಜಿ, ಮದುವೆ. ಮೂರೂ ಮಂಗಳ ಕಾರ್ಯಗಳು. ಸಾವಿನ ಹೆಸರಿನಲ್ಲಿ ಒಂದು ನಾಣ್ಯವನ್ನೂ ಗೊತ್ತುಪಡಿಸಿಲ್ಲ. ಹಿಂದಿನವರು ಗಮನಿಸದೆ ಹೋದದ್ದು ಇದನ್ನೇ. 'ಯಾವುದೇ ಕಾರಣ' ಎಂಬಲ್ಲಿ ಶ್ರಾದ್ಧವೂ ಸೇರುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಸೇರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಶಾಲೆಗೆ ಸಲ್ಲುವುದು ಒಂದು ಹೊತ್ತಿನ ಊಟ. ಸತ್ತವನ ಆಸ್ತಿಯಲ್ಲಿ ಪಾಲಲ್ಲ. ಊಟವನ್ನೂ ಹಾಕುವವರು ಬದುಕಿರುವವರೇ. ಶಾಸನದ ಬೇಡಿಕೆಯೆಲ್ಲ ಇರುವವರಿಂದ. ಹೋದವರ ಗಂಟಿನ ಮೇಲೆ ಅದು ಕಣ್ಣಿಟ್ಟಿಲ್ಲ.

ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಾನು ಸತ್ತ ಮೇಲೆ ಹೊಲ ಇಂಥವರಿಗೆ ಎಂದು ತಂದೆಯೊಬ್ಬನೇ ಬರೆದಿಡಲು ಅಲ್ಲಿ ಎಡೆಯಿಲ್ಲ. (ಮಿತಾಕ್ಷರ ಈ ಕಂಬಕ್ಕಿಂತ ಸುಮಾರು ಒಂದೂವರೆ ಶತಮಾನ ಈಚಿನದು, ಅದರ ನ್ಯಾಯವನ್ನು ಹಿಂದಕ್ಕೆ ಒಯ್ಯುವಾಗ ಎಚ್ಚರ ಬೇಕು. ಆದರೆ ವಿಜ್ಞಾನೇಶ್ವರ ಶೂನ್ಯದಲ್ಲಿ ಕೂತು ಬರೆದವನೂ ಅಲ್ಲ.) ಒಬ್ಬೊಬ್ಬನ ಕೈ ಹೀಗೆ ಕಟ್ಟಿದ್ದರಿಂದಲೇ ಊರು ಒಟ್ಟಾಗಿ ಮಾತು ಕೊಟ್ಟಿತೆಂದು ನನ್ನ ಊಹೆ.

ಆದ್ದರಿಂದ ಶಿರಸಂಗಿ ಲಿಂಗರಾಜ ದೇಸಾಯರ ಮೃತ್ಯುಪತ್ರವನ್ನು ಸಾಲೊಟಗಿಯಂಥ ದತ್ತಿಗಳ ಸಾಲಿಗೆ ಸೇರಿಸಿ 'ಅದೇ ಪರಂಪರೆ' ಎನ್ನುವುದು ಅವಸರದ ಮಾತು. 1904ರಲ್ಲಿ ಧಾರವಾಡದ ವೀರಶೈವ ಮಹಾಸಭೆಯ ಅಧ್ಯಕ್ಷತೆ ವಹಿಸಿದ್ದ ಲಿಂಗರಾಜರು 1906ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ಹಾಗಾಗಿ ಹುಟ್ಟಿನ ಹಕ್ಕು ಅವರ ಕೈ ಕಟ್ಟಲಿಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. ಅವರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರೆಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಹುಟ್ಟಿದ್ದು 1916ರಲ್ಲಿ, ಅವರು ಹೋಗಿ 10 ವರ್ಷವಾದ ಮೇಲೆ. ಲಿಂಗರಾಜರ ಹೆಸರು ಅದರ ಕಾಲೇಜಿಗೆ ಬಂದದ್ದು ಗೌರವದಿಂದ. ಇಷ್ಟು ಸರಳ ಕಾಲಗಣನೆಯನ್ನೂ ಬಿಟ್ಟುಕೊಟ್ಟರೆ ಲಿಂಗರಾಜರ ಹಿರಿಮೆ ಹೆಚ್ಚುವುದಿಲ್ಲ. ಕಣ್ಣೆದುರು ಸಂಸ್ಥೆಯೊಂದು ಇಲ್ಲದಿರುವಾಗಲೇ ಮುಂದಿನ ಮಕ್ಕಳನ್ನು ನೆನೆದು ಬರೆದರಲ್ಲ, ಹಿರಿಮೆ ಇರುವುದು ಅಲ್ಲಿ.

ಅವಿಭಕ್ತ ಕುಟುಂಬದ ಹಿಂದೂ ತನ್ನ ಪಾಲನ್ನು ಮೃತ್ಯುಪತ್ರದಲ್ಲಿ ಬರೆಯಲು ಕಾನೂನು ದಾರಿ ಬಿಟ್ಟದ್ದು 1956ರ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮಿನಿಂದ. ಒಬ್ಬಂಟಿಯಾಗಿ ಊರಿಗೆ ಬರೆದಿಡುವುದು ನಮ್ಮ ಬಹುಪಾಲು ರೈತ ಮನೆತನಗಳಿಗೆ ಅಷ್ಟು ಹೊಸದು. ಊರೇ ಮಾತು ಕೊಡುವುದು 945ರಷ್ಟು ಹಳೆಯದು.

ಕಂಬದ ಇನ್ನೊಂದು ಮಾತು ಉಳಿಯಿತು. ಆ ಶಾಲೆಯಲ್ಲಿ ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ವಾಸಿಸುತ್ತಿದ್ದರು ಎನ್ನುತ್ತದೆ ಶಾಸನ. ಪಾವಿಟ್ಟಗೆಯ ಮನೆಯವರು ತಮ್ಮ ಕೂಸಿನ ಜಾವಳದ ದಿನ ತೆಗೆದಿಟ್ಟ ನಾಣ್ಯ ಪರವೂರಿನ ಮಕ್ಕಳ ಓದಿಗೂ ಸಲ್ಲುತ್ತಿತ್ತು.