ಆಕ್ಸಿಲರೇಟರ್‌ನ ಬಂಡವಾಳ, ಆರ್‌ಬಿಐನ ಅನುಮತಿ: ಬೆಂಗಳೂರಿನ ಮೂರು ಫಿನ್‌ಟೆಕ್ ಕಂಪನಿಗಳ ಕುರಿತು ಒಂದು ಟಿಪ್ಪಣಿ

ಸ್ಟಾರ್ಟಪ್‌ಗಳಿಗೆ ಮೊದಲ ಬಂಡವಾಳ ಕೊಟ್ಟು, ಕೆಲವು ತಿಂಗಳು ಜೊತೆಗಿರಿಸಿಕೊಂಡು ತರಬೇತಿ ನೀಡುವ ಆಕ್ಸಿಲರೇಟರ್‌ಗಳ ಕುರಿತ ಬರಹಗಳಲ್ಲಿ ಎರಡು ಅಂಕಿಗಳು ತಪ್ಪದೆ ಬರುತ್ತವೆ: ಕೊಟ್ಟ ಹಣ ಎಷ್ಟು, ಪಡೆದ ಪಾಲು ಎಷ್ಟು. ಬೇರೆ ಬಗೆಯ ಕಂಪನಿಗಳಿಗೆ ಈ ಲೆಕ್ಕ ಸಾಕಾದೀತು. ಜನರ ಹಣ ಮುಟ್ಟುವ ಕಂಪನಿಗೆ ಸಾಲದು. ಅಲ್ಲಿ ಇನ್ನೆರಡು ಸಂಗತಿಗಳು ಹೆಚ್ಚು ತೂಗುತ್ತವೆ: ಕಂಪನಿ ಯಾವ ದೇಶದಲ್ಲಿ ನೋಂದಣಿಯಾಗಿದೆ ಮತ್ತು ಅದಕ್ಕೆ ಹಣಕಾಸು ನಿಯಂತ್ರಕರ ಅನುಮತಿ ಯಾವಾಗ ಸಿಕ್ಕಿತು. ಅಮೆರಿಕದ ವೈ ಕಾಂಬಿನೇಟರ್‌ನಿಂದ (ಮುಂದೆ ವೈಸಿ) ಬಂಡವಾಳ ಪಡೆದ ಬೆಂಗಳೂರಿನ ರೇಜರ್‌ಪೇ, ಕ್ಯಾಶ್‌ಫ್ರೀ, ಗ್ರೋ ಕಂಪನಿಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸಬಹುದು.

ವೈಸಿ 2005ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಆರಂಭವಾಯಿತು. ಪಾಲ್ ಗ್ರಹಾಂ, ಜೆಸಿಕಾ ಲಿವಿಂಗ್‌ಸ್ಟನ್, ರಾಬರ್ಟ್ ಮಾರಿಸ್, ಟ್ರೆವರ್ ಬ್ಲ್ಯಾಕ್‌ವೆಲ್ ಅದರ ಸ್ಥಾಪಕರು. ಕಂಪನಿಗಳನ್ನು ತಂಡತಂಡವಾಗಿ ಸೇರಿಸಿಕೊಳ್ಳುವುದು, ಸುಮಾರು ಮೂರು ತಿಂಗಳು ಮಾರ್ಗದರ್ಶನ ನೀಡುವುದು, ಕೊನೆಗೆ ‘ಡೆಮೋ ಡೇ’ಯಂದು ಹೂಡಿಕೆದಾರರ ಮುಂದೆ ನಿಲ್ಲಿಸುವುದು ಅದರ ಕ್ರಮ. ಆರಂಭದಲ್ಲಿ ಒಬ್ಬೊಬ್ಬ ಸ್ಥಾಪಕರ ಲೆಕ್ಕಕ್ಕೆ ಸುಮಾರು 6,000 ಡಾಲರ್ ಕೊಡುತ್ತಿತ್ತು. 2014ರ ಹೊತ್ತಿಗೆ ಅದು ಒಂದು ಕಂಪನಿಗೆ 1,20,000 ಡಾಲರ್, ಪ್ರತಿಯಾಗಿ ಶೇ 7 ಪಾಲು ಎಂದಾಯಿತು. 2022ರಿಂದ ಒಟ್ಟು 5 ಲಕ್ಷ ಡಾಲರ್. ಅದರಲ್ಲಿ ಶೇ 7ರ ಬೆಲೆ 1,25,000 ಡಾಲರ್ ಮಾತ್ರ. ಉಳಿದ 3,75,000 ಡಾಲರ್‌ಗೆ ಎಷ್ಟು ಪಾಲು ಎಂಬುದು ಮುಂದಿನ ಹೂಡಿಕೆದಾರರು ಒಪ್ಪುವ ದರದ ಮೇಲೆ ತೀರ್ಮಾನವಾಗುತ್ತದೆ.

ಈ ಹಣ ಬರುವುದು ‘ಸೇಫ್’ ಎಂಬ ಒಪ್ಪಂದಪತ್ರದ ಮೂಲಕ. 2013ರ ಕೊನೆಯಲ್ಲಿ ವೈಸಿಯೇ ಇದನ್ನು ರೂಪಿಸಿತು. ಇದು ಸಾಲವಲ್ಲ, ಬಡ್ಡಿಯಿಲ್ಲ, ತೀರಿಸುವ ಗಡುವಿಲ್ಲ. ಮುಂದೊಂದು ದಿನ ಷೇರಾಗಿ ಬದಲಾಗುವ ಭರವಸೆ ಅಷ್ಟೆ. ಅಮೆರಿಕದ ಡೆಲವೇರ್ ರಾಜ್ಯದ ಕಂಪನಿ ಕಾನೂನಿಗೆ ಹೊಂದುವ ಈ ಪತ್ರಕ್ಕೆ ಭಾರತದ 2013ರ ಕಂಪನಿ ಕಾಯ್ದೆಯಲ್ಲಿ ನೇರ ಸ್ಥಾನವಿಲ್ಲ. ಇಲ್ಲಿ ಅದನ್ನೇ ಬಳಸಬೇಕೆಂದರೆ ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರಿನ ರೂಪ ಕೊಡಬೇಕು. ವೈಸಿಯಂತೂ ಅಮೆರಿಕ, ಸಿಂಗಾಪುರ, ಕೇಮನ್ ದ್ವೀಪಗಳಂಥ ಕೆಲವೇ ಕಡೆ ನೋಂದಣಿಯಾದ ಕಂಪನಿಗಳಲ್ಲಿ ಹಣ ಹೂಡುತ್ತದೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ಹೀಗಾಗಿ ಇಲ್ಲಿನ ಸ್ಥಾಪಕರು ಅಮೆರಿಕದಲ್ಲೊಂದು ಮಾತೃ ಕಂಪನಿ ತೆರೆದು ಭಾರತದ ಕಂಪನಿಯನ್ನು ಅದರ ಅಂಗಸಂಸ್ಥೆ ಮಾಡುತ್ತಿದ್ದರು. ಉದ್ಯಮದವರ ಬಾಯಲ್ಲಿ ಇದು ‘ಫ್ಲಿಪ್’.

ಈ ಫ್ಲಿಪ್‌ನ ಹೊಣೆಯನ್ನೆಲ್ಲ ವೈಸಿಯ ತಲೆಗೆ ಕಟ್ಟುವುದು ಅನ್ಯಾಯ. ನಂತರದ ಸುತ್ತುಗಳಲ್ಲಿ ಬಂದ ವಿದೇಶಿ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳಿಗೂ ಪರಿಚಿತ ಕಾನೂನೇ ಬೇಕಿತ್ತು. ಭಾರತದೊಳಗೂ 2012ರಲ್ಲಿ ಬಂದ ‘ಏಂಜಲ್ ಟ್ಯಾಕ್ಸ್’ ಸ್ಟಾರ್ಟಪ್‌ಗಳನ್ನು ವರ್ಷಗಟ್ಟಲೆ ಕಾಡಿತು. ನ್ಯಾಯಯುತ ಮೌಲ್ಯಕ್ಕಿಂತ ಹೆಚ್ಚಿನ ದರಕ್ಕೆ ಷೇರು ಕೊಟ್ಟರೆ ಆ ಹೆಚ್ಚುವರಿ ಹಣವನ್ನು ಆದಾಯವೆಂದೇ ಎಣಿಸುವ ತೆರಿಗೆ ಅದು. 2024ರ ಜುಲೈ ಬಜೆಟ್ ಅದನ್ನು ಕೈಬಿಟ್ಟಿತು.

ಫ್ಲಿಪ್‌ನ ಬೆಲೆ ತಿಳಿಯುವುದು ಮರಳಿ ಬರುವಾಗ. ಷೇರು ವಹಿವಾಟಿನ ವೇದಿಕೆಯಾದ ಗ್ರೋ 2018ರ ಚಳಿಗಾಲದ ತಂಡದಲ್ಲಿ ವೈಸಿ ಸೇರಿತು. ಆಗಿನ ಕಂತು 1,20,000 ಡಾಲರ್, ಅಂದರೆ ಅಂದಿನ ದರದಲ್ಲಿ ಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸು. 2024ರಲ್ಲಿ ಅದರ ಡೆಲವೇರ್ ಮಾತೃ ಕಂಪನಿ ಗ್ರೋದ್ದೇ ಭಾರತೀಯ ಕಂಪನಿಯಾದ ಬೆಂಗಳೂರಿನ ಬಿಲಿಯನ್‌ಬ್ರೇನ್ಸ್ ಗ್ಯಾರೇಜ್ ವೆಂಚರ್ಸ್‌ನಲ್ಲಿ ವಿಲೀನವಾಯಿತು. ಅಮೆರಿಕದ ಕಾನೂನು ಇಂಥ ನಿರ್ಗಮನವನ್ನು ಆಸ್ತಿಯನ್ನೆಲ್ಲ ಅಂದಿನ ಮಾರುಕಟ್ಟೆ ಬೆಲೆಗೆ ಮಾರಿದಂತೆ ಪರಿಗಣಿಸುತ್ತದೆ. ತೆರಿಗೆ ಬಿದ್ದದ್ದು ಸುಮಾರು 1,340 ಕೋಟಿ ರೂಪಾಯಿ. ವ್ಯವಹಾರದಲ್ಲಿ ಲಾಭವಿದ್ದರೂ 2023–24ರಲ್ಲಿ ಕಂಪನಿ 805 ಕೋಟಿ ರೂಪಾಯಿ ನಷ್ಟ ತೋರಿಸಬೇಕಾಯಿತು. ಗ್ರಾಹಕರು ಭಾರತೀಯರು, ವಹಿವಾಟು ನಡೆಯುವುದು ಸೆಬಿಯ ಕಣ್ಗಾವಲಿನ ಷೇರುಪೇಟೆಯಲ್ಲಿ, ಕೆಲಸ ಮಾಡುವವರು ಬೆಂಗಳೂರಿನಲ್ಲಿ. ಆದರೂ ಹೆಚ್ಚಿದ ಮೌಲ್ಯದ ಮೇಲಿನ ತೆರಿಗೆ ಹೋದದ್ದು ಅಮೆರಿಕದ ಖಜಾನೆಗೆ. ಭಾರತದ ನೀತಿ ನಿರೂಪಕರು ಆಳವಾಗಿ ಯೋಚಿಸಬೇಕಾದ ವಿಷಯ ಇದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ವೈಸಿಗೆ ನಷ್ಟವಾಗಲಿಲ್ಲ, 2025ರ ನವೆಂಬರ್‌ನಲ್ಲಿ ಗ್ರೋ ಷೇರುಪೇಟೆಗೆ ಬಂದಾಗ ತಲಾ 100 ರೂಪಾಯಿಯಂತೆ ಷೇರು ಮಾರಿದವರಲ್ಲಿ ಅದೂ ಇತ್ತು. ರೇಜರ್‌ಪೇ ಸಹ 2025ರಲ್ಲಿ ಮಾತೃ ಕಂಪನಿಯನ್ನು ಭಾರತಕ್ಕೆ ತಂದಿತು.

ಇನ್ನು ಅನುಮತಿಯ ವಿಷಯ. ಹರ್ಷಿಲ್ ಮಾಥುರ್ ಮತ್ತು ಶಶಾಂಕ್ ಕುಮಾರ್ 2014ರಲ್ಲಿ ಕಟ್ಟಿದ ರೇಜರ್‌ಪೇ 2015ರ ಚಳಿಗಾಲದ ತಂಡದಲ್ಲಿತ್ತು. ಆನ್‌ಲೈನ್ ವ್ಯಾಪಾರಿಗಳ ಪರವಾಗಿ ಹಣ ಪಡೆದು ಅವರಿಗೆ ತಲುಪಿಸುವ ಈ ಕೆಲಸಕ್ಕೆ ಆಗ ಪ್ರತ್ಯೇಕ ಪರವಾನಗಿ ಇರಲಿಲ್ಲ. ಆರ್‌ಬಿಐನ 2009ರ ನವೆಂಬರ್ ನಿರ್ದೇಶನದಂತೆ ಹಣ ಬ್ಯಾಂಕಿನ ‘ನೋಡಲ್ ಖಾತೆ’ಯಲ್ಲಿರಬೇಕು, ಗೊತ್ತಾದ ದಿನಗಳೊಳಗೆ ವ್ಯಾಪಾರಿಗೆ ಸೇರಬೇಕು. ಬ್ಯಾಂಕು ಒಪ್ಪಿದರೆ ಸಣ್ಣ ಕಂಪನಿಯೂ ವ್ಯವಹಾರಕ್ಕೆ ಇಳಿಯಬಹುದಿತ್ತು. ಮೂರು ತಿಂಗಳ ಆಕ್ಸಿಲರೇಟರ್ ಮಾದರಿಗೆ ಭಾರತದಲ್ಲಿ ಜಾಗ ಸಿಕ್ಕಿದ್ದು ಈ ಸಡಿಲಿಕೆಯಿಂದ. ತಂತ್ರಾಂಶ ಬೇಗ ಬರೆಯಬಹುದು, ಗ್ರಾಹಕರನ್ನು ಬೇಗ ಹುಡುಕಬಹುದು. ಕಾಯಬೇಕಾದದ್ದು ಬ್ಯಾಂಕಿನ ಒಪ್ಪಿಗೆಗಾಗಿ ಮಾತ್ರ.

2020ರ ಮಾರ್ಚ್ 17ರ ಮಾರ್ಗಸೂಚಿಯೊಂದಿಗೆ ಆ ಕಾಲ ಮುಗಿಯಿತು. ‘ಪೇಮೆಂಟ್ ಅಗ್ರಿಗೇಟರ್’ ಆಗಲು ಆರ್‌ಬಿಐನ ಅನುಮತಿ ಕಡ್ಡಾಯವಾಯಿತು. ಅರ್ಜಿ ಹಾಕುವಾಗ 15 ಕೋಟಿ ರೂಪಾಯಿ ನಿವ್ವಳ ಮೌಲ್ಯ ಇರಬೇಕು, ಬಳಿಕ ಮೂರನೆಯ ಹಣಕಾಸು ವರ್ಷದ ಅಂತ್ಯಕ್ಕೆ ಅದು 25 ಕೋಟಿಗೆ ಏರಬೇಕು. ನೋಡಲ್ ಖಾತೆಯ ಜಾಗಕ್ಕೆ ಎಸ್ಕ್ರೋ ಖಾತೆ ಬಂತು. ರೇಜರ್‌ಪೇಗೆ 2022ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರೇಜರ್‌ಪೇ ಮತ್ತು 2017ರಲ್ಲಿ ವೈಸಿ ಸೇರಿದ್ದ, ಅದೇ ವ್ಯವಹಾರದ ಕ್ಯಾಶ್‌ಫ್ರೀ, ಎರಡೂ ಹೊಸ ವ್ಯಾಪಾರಿಗಳ ಸೇರ್ಪಡೆ ನಿಲ್ಲಿಸಬೇಕಾಯಿತು. ಅಂತಿಮ ಅನುಮತಿ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಒಂದು ವರ್ಷ ಹೊಸ ಗಿರಾಕಿಗಳಿಲ್ಲದೆ ತಾಳಿಕೊಳ್ಳುವ ಶಕ್ತಿ ಡೆಮೋ ಡೇ ದಾಟಿದ ಎಳೆಯ ಕಂಪನಿಗೆ ಇರುವುದಿಲ್ಲ. ಆ ಹೊತ್ತಿಗಾಗಲೇ ಹಲವು ಸುತ್ತು ಬಂಡವಾಳ ಎತ್ತಿದ್ದರಿಂದ ಇವು ಉಳಿದವು.

ಆರ್‌ಬಿಐ ಅತಿ ಬಿಗಿಯಾಯಿತು ಎಂದು ನಾನು ಹೇಳುತ್ತಿಲ್ಲ. ವ್ಯಾಪಾರಿಯ ಹಣ ಮಧ್ಯದಲ್ಲಿ ಕೆಲವು ಗಂಟೆಯಾದರೂ ಬೇರೊಬ್ಬರ ಕೈಯಲ್ಲಿರುತ್ತದೆ. ಆ ಕೈ ಯಾರದ್ದೆಂದು ಕೇಳುವುದು ನಿಯಂತ್ರಕರ ಕರ್ತವ್ಯ. ಪ್ರಯೋಗಕ್ಕೆಂದು ಆರ್‌ಬಿಐ 2019ರಲ್ಲಿ ‘ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್’ ಚೌಕಟ್ಟು ತಂದಿತು, 2022ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ತನ್ನ ಇನೋವೇಶನ್ ಹಬ್ ತೆರೆಯಿತು. ಆದರೆ ಇವು ನಿವ್ವಳ ಮೌಲ್ಯದ ಷರತ್ತಿಗೆ ಬದಲಿಯಲ್ಲ.

ಆಕ್ಸಿಲರೇಟರ್ ಹಣದ ಮಿತಿ ಇಲ್ಲಿ ನಿಚ್ಚಳವಾಗುತ್ತದೆ. ವೈಸಿಯ ಈಗಿನ 5 ಲಕ್ಷ ಡಾಲರ್ ರೂಪಾಯಿಗೆ ತಿರುಗಿದರೆ ಐದು ಕೋಟಿಯನ್ನೂ ಮುಟ್ಟುವುದಿಲ್ಲ. 15 ಕೋಟಿಯ ಹೊಸ್ತಿಲಿಗೆ ಅದು ಮೂರನೆಯ ಒಂದು ಭಾಗವೂ ಆಗದು. 2015ರಲ್ಲಿ ರೇಜರ್‌ಪೇ ಹಿಡಿದ ದಾರಿಯಲ್ಲಿ ಇಂದು ಹೊಸಬರು ಸ್ವಂತ ಹೆಸರಿನಲ್ಲಿ ನಡೆಯಲಾರರು. ಅವರಿಗೆ ಉಳಿದಿರುವುದು ಹಣ ಮುಟ್ಟದ ಕೆಲಸಗಳು: ಬ್ಯಾಂಕುಗಳಿಗೆ ತಂತ್ರಾಂಶ ಮಾರುವುದು, ಲೆಕ್ಕಪತ್ರ ಹೊಂದಿಸುವುದು, ಇಲ್ಲವೇ ಪರವಾನಗಿ ಇರುವವರ ವ್ಯವಸ್ಥೆಯ ಮೇಲೆ ತಮ್ಮ ಸೇವೆ ಕಟ್ಟುವುದು. ಹಾಗೆ ಕಟ್ಟಿದಾಗ ಪ್ರತಿ ವಹಿವಾಟಿನ ಶುಲ್ಕದಲ್ಲಿ ಒಂದು ಭಾಗ ಪರವಾನಗಿ ಇದ್ದವರಿಗೆ ಸಲ್ಲಬೇಕು, ಮತ್ತು ಆ ಪರವಾನಗಿ ಹೊಂದಿದವರಲ್ಲಿ ರೇಜರ್‌ಪೇ, ಕ್ಯಾಶ್‌ಫ್ರೀ ಸಹ ಇವೆ.