ಅಂಗಾಂಗ ಕಸಿ ಸಹಿಷ್ಣುತೆ

ಬೇರೊಬ್ಬರ ದೇಹದಿಂದ ತಂದು ಜೋಡಿಸಿದ ಅಂಗವನ್ನು ರೋಗನಿರೋಧಕ ವ್ಯವಸ್ಥೆಯು ಔಷಧದ ನೆರವಿಲ್ಲದೆ ಉಳಿಸಿಕೊಂಡು, ಸೋಂಕುಗಳ ಮೇಲೆ ಮಾತ್ರ ಎಂದಿನಂತೆ ಹೋರಾಡುವ ಸ್ಥಿತಿಗೆ ಕಸಿ ಸಹಿಷ್ಣುತೆ ಎಂದು ಹೆಸರು. ಇದನ್ನು ನಿರೋಧಶಕ್ತಿಯ ಕುಂದು ಎಂದು ತಿಳಿಯುವುದುಂಟು. ಆದರೆ ಇದು ದೇಹವು ಕಲಿತುಕೊಳ್ಳುವ, ಕಲಿತ ಮೇಲೂ ಕಾಪಾಡಿಕೊಳ್ಳಬೇಕಾದ ಗುಣ ಎಂಬುದಕ್ಕೆ ಈ ವಿಜ್ಞಾನದ ಚರಿತ್ರೆಯೇ ಸಾಕ್ಷಿ.

ಮೊದಲು ಅರಿವಿಗೆ ಬಂದದ್ದು ತಿರಸ್ಕಾರ. ಗ್ಲಾಸ್ಗೋದಲ್ಲಿ ಸುಟ್ಟಗಾಯದ ಚಿಕಿತ್ಸೆಯನ್ನು ಅಭ್ಯಸಿಸುತ್ತಿದ್ದ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್, ಒಬ್ಬನೇ ದಾನಿಯ ಚರ್ಮವನ್ನು ಎರಡನೆಯ ಸಲ ಕಸಿ ಮಾಡಿದಾಗ ಅದು ಇನ್ನೂ ಬೇಗ ನಾಶವಾಗುತ್ತದೆಂದು 1943ರಲ್ಲಿ ವರದಿ ಮಾಡಿದರು; ತಿರಸ್ಕಾರಕ್ಕೆ ನೆನಪಿತ್ತು. 1945ರಲ್ಲಿ ಅಮೆರಿಕದ ರೇ ಓವನ್, ಗರ್ಭದಲ್ಲಿ ರಕ್ತ ಬೆರೆತಿದ್ದ ಅವಳಿ ಕರುಗಳು ಬೆಳೆದ ಮೇಲೂ ಒಂದರ ರಕ್ತಕೋಶಗಳನ್ನು ಇನ್ನೊಂದು ಇಟ್ಟುಕೊಂಡಿರುವುದನ್ನು ಕಂಡರು. ತನ್ನದು ಯಾವುದು, ಪರಕೀಯ ಯಾವುದು ಎಂಬ ವಿವೇಚನೆ ಭ್ರೂಣದ ಹಂತದಲ್ಲಿ ರೂಪುಗೊಳ್ಳುತ್ತದೆಂದು ಬರ್ನೆಟ್ ಮತ್ತು ಫೆನ್ನರ್ 1949ರಲ್ಲಿ ತರ್ಕಿಸಿದರು. 1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮತ್ತು ಮೆಡಾವರ್ ಇಲಿಯ ಭ್ರೂಣಗಳಿಗೆ ಬೇರೆ ತಳಿಯ ಕೋಶಗಳನ್ನು ಚುಚ್ಚಿದರು. ಆ ಇಲಿಗಳಲ್ಲಿ ಹಲವು ಬೆಳೆದ ಮೇಲೆ ಅದೇ ತಳಿಯ ಚರ್ಮವನ್ನು ಒಪ್ಪಿಕೊಂಡವು. ಸಾಮಾನ್ಯ ಇಲಿಯ ನಿರೋಧ ಕೋಶಗಳನ್ನು ಅವುಗಳಿಗೆ ಕೊಟ್ಟಾಗ ಕಸಿ ಕುಸಿಯಿತು. ಎಂದರೆ ಬದಲಾಗಿದ್ದು ಕಸಿಯಲ್ಲ, ಅದನ್ನು ಪಡೆದ ದೇಹ. ಬರ್ನೆಟ್ ಮತ್ತು ಮೆಡಾವರ್ 1960ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ವಯಸ್ಕ ರೋಗಿಗೆ ಭ್ರೂಣದ ಆ ಅವಕಾಶವಿಲ್ಲ. 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ನಡೆಸಿದ ಮೂತ್ರಪಿಂಡ ಕಸಿ ಗೆದ್ದದ್ದು ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರಿಂದ. ಉಳಿದವರಿಗೆ ದಾರಿ ತೆರೆದದ್ದು 1960ರ ದಶಕದ ಅಜಾಥಯೋಪ್ರಿನ್, ಆಮೇಲೆ ಸೈಕ್ಲೋಸ್ಪೊರಿನ್. ಔಷಧವೇ ಸಾಕಾಗಿರುವಾಗ ಸಹಿಷ್ಣುತೆಯ ಹುಡುಕಾಟವೇಕೆ ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಈ ಔಷಧಗಳು ಹಗೆ ಯಾವುದು, ಹಿತ ಯಾವುದು ಎಂದು ನೋಡದೆ ಇಡೀ ವ್ಯವಸ್ಥೆಯನ್ನು ಹತ್ತಿಕ್ಕುತ್ತವೆ. ಸೋಂಕು, ಕ್ಯಾನ್ಸರ್‌ಗಳ ಅಪಾಯ ಹೆಚ್ಚಿಸುತ್ತವೆ, ವರ್ಷಗಳಲ್ಲಿ ನಿಧಾನವಾಗಿ ನಡೆಯುವ ತಿರಸ್ಕಾರವನ್ನು ಪೂರ್ತಿ ತಡೆಯುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ದಾಳಿ ಮಾಡಬಲ್ಲ ಕೋಶಗಳು ಅಳಿದುಹೋಗುವುದೇ ಸಹಿಷ್ಣುತೆಯಾದರೆ ಅದು ಕೊರತೆಯೇ ಅಲ್ಲವೆ? ಥೈಮಸ್ ಗ್ರಂಥಿಯಲ್ಲಿ ಅಂಥ ಟಿ ಕೋಶಗಳು ಅಳಿಯುವುದು ನಿಜ. ಆದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಅವುಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. ಈ ಕ್ಷೇತ್ರಕ್ಕೆ 2025ರ ನೊಬೆಲ್ ಸಂದಿತು. ಬಾಸ್ಟನ್ನಿನ ವೈದ್ಯರು 2008ರಲ್ಲಿ ವರದಿ ಮಾಡಿದಂತೆ, ಹೊಂದಾಣಿಕೆಯಿಲ್ಲದ ದಾನಿಯಿಂದ ಮೂತ್ರಪಿಂಡದ ಜೊತೆಗೆ ಅಸ್ಥಿಮಜ್ಜೆಯನ್ನೂ ಪಡೆದ ಐವರಲ್ಲಿ ನಾಲ್ವರು ಔಷಧ ನಿಲ್ಲಿಸಿದರು. ದಾನಿಯ ರಕ್ತಕೋಶಗಳು ಅವರ ರಕ್ತದಿಂದ ಬೇಗನೆ ಮರೆಯಾದರೂ ಅಂಗ ಕೆಲಸ ಮಾಡುತ್ತಲೇ ಇತ್ತು. ಒಬ್ಬರ ಕಸಿ ಮಾತ್ರ ವಿಫಲವಾಯಿತು. ಆದ್ದರಿಂದ ಸಹಿಷ್ಣುತೆಯನ್ನು ಉಂಟುಮಾಡುವುದರಷ್ಟೇ ಮುಖ್ಯ, ಅದು ನೆಲೆಗೊಂಡಿದೆಯೆಂದು ಔಷಧ ಬಿಡಿಸುವ ಮೊದಲೇ ಅರಿಯುವುದು. ಅದನ್ನು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇನ್ನೂ ಸಿದ್ಧವಾಗಿಲ್ಲ.