ಬೇವಿನ ಕಷಾಯ ನಡೆದು ಬಂದ ದಾರಿ

ನಮ್ಮ ಅಜ್ಜಿಯರು ಅವರೆಕಾಳು, ಹುರುಳಿ ತುಂಬಿಡುವಾಗ ವಾಡೆಗೆ ಒಣಗಿದ ಬೇವಿನ ಸೊಪ್ಪು ಹಾಕುತ್ತಿದ್ದರು. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಘದ ಮಳಿಗೆಗೆ ಔಷಧಿ ಡಬ್ಬಗಳು ಬಂದ ಮೇಲಂತೂ ಬೇವು ಯುಗಾದಿಗೂ ಹಲ್ಲುಜ್ಜುವುದಕ್ಕೂ ಮಾತ್ರ ಉಳಿಯಿತು.

ವಿಜ್ಞಾನಿಗಳಿಗೆ ಬೇವಿನ ಗುಣ ತೋರಿಸಿದ್ದು ಮಿಡತೆ. 1959ರಲ್ಲಿ ಆಫ್ರಿಕಾದ ಸುಡಾನ್ ದೇಶಕ್ಕೆ ಮಿಡತೆ ದಂಡು ನುಗ್ಗಿ ಹಸಿರನ್ನೆಲ್ಲ ತಿಂದುಹಾಕಿದರೂ ಬೇವಿನ ಮರಗಳು ಉಳಿದಿದ್ದನ್ನು ಜರ್ಮನಿಯ ಕೀಟತಜ್ಞ ಷ್ಮುಟೆರರ್ ಕಂಡರು. 1962ರಲ್ಲಿ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಡಾ. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜ ಅರೆದ ನೀರನ್ನು ಬೆಳೆಗೆ ಸಿಂಪಡಿಸಿದರು. ಮಿಡತೆಗಳು ಬಂದು ಕೂತವು, ತಿನ್ನಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬುವರು ಬೀಜದ ಸತ್ವವನ್ನು ಬೇರ್ಪಡಿಸಿದರು. ಅದರ ಹೆಸರು ಅಜಾಡಿರಾಕ್ಟಿನ್. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಕೇಂಬ್ರಿಜ್‌ನ ವಿಜ್ಞಾನಿಗಳಿಗೆ 22 ವರ್ಷ ಹಿಡಿದು, 2007ರಲ್ಲಿ ಕೈಗೂಡಿತು. ನಮ್ಮ ಮರಗಳು ಅದನ್ನು ವರ್ಷಾವರ್ಷ ನೆಲಕ್ಕೆ ಉದುರಿಸುತ್ತಿವೆ!

ಈ ನಡುವೆ 1994ರಲ್ಲಿ ಬೂಷ್ಟು ರೋಗಕ್ಕೆ ಬೇವಿನೆಣ್ಣೆ ಬಳಸುವ ಕ್ರಮಕ್ಕೆ ಯುರೋಪಿನಲ್ಲಿ ಅಮೆರಿಕದವರು ಪೇಟೆಂಟ್ ಪಡೆದರು. ಇದರಲ್ಲಿ ಹೊಸತೇನಿದೆ ಎಂದು ತಕರಾರು ಎದ್ದು, 2000ದಲ್ಲಿ ಅದು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು.

ಈ ಸತ್ವ ಡಬ್ಬದ ವಿಷದ ಹಾಗೆ ಕೂಡಲೇ ಕೊಲ್ಲುವುದಲ್ಲ. ಹುಳುವಿಗೆ ಮೇವು ಸೇರದ ಹಾಗೆ ಮಾಡುತ್ತದೆ. ಪೊರೆ ಕಳಚಿ ಬೆಳೆಯಲು ಅದರ ಮೈಯಲ್ಲಿ ಒಂದು ರಸ ಊರಬೇಕು, ಅದಕ್ಕೂ ತಡೆ ಹಾಕುತ್ತದೆ. ಪೊರೆಯಲ್ಲೇ ಸಿಕ್ಕಿಕೊಂಡ ಮರಿಹುಳು ನಿಧಾನವಾಗಿ ಸಾಯುತ್ತದೆ.

ಇದನ್ನು ತಿಳಿಯದೆ ನಾವು ಕೆಟ್ಟೆವು. ಒಂದು ವರ್ಷ ತೊಗರಿಗೆ ಬಿದ್ದ ಕಾಯಿಕೊರಕ ಯಾವ ಔಷಧಿಗೂ ಜಗ್ಗಲಿಲ್ಲ. ನಾಲ್ಕೈದು ಮಂದಿ ಸೇರಿ ಬೇವಿನ ಬೀಜ ಚೆನ್ನಾಗಿ ಕುದಿಸಿ, ಮಟಮಟ ಮಧ್ಯಾಹ್ನ ಹೊಡೆದೆವು. ಮಾರನೇ ದಿನ ನೋಡಿದರೆ ಹುಳುಗಳು ಆರಾಮಾಗಿ ಮೇಯ್ತಾ ಇದ್ದವು. "ಬೇವು ಗೀವು ಎಲ್ಲಾ ಸುಳ್ಳು ಕಣ್ರಪ್ಪಾ" ಅಂದವರಲ್ಲಿ ನಾವೇ ಮೊದಲಿಗರು. ಕಾವಿಗೂ ಬಿಸಿಲಿಗೂ ಆ ಸತ್ವ ಕೆಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಆ ಸಲದ ತೊಗರಿ ಅರ್ಧ ಜೊಳ್ಳು.

ಮುಂದಿನ ವರ್ಷ 5 ಕಿಲೋ ಬೀಜದ ತಿರುಳು ಪುಡಿಮಾಡಿ, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ ಸೋಸಿದೆವು. 100 ಲೀಟರಿಗೆ ನೀರು ಸೇರಿಸಿ, ಸ್ವಲ್ಪ ಸೋಪಿನ ಪುಡಿ ಕದಡಿ, ಹೊತ್ತಿಳಿದ ಮೇಲೆ ಹೊಡೆದೆವು. ಅದೂ ಹುಳು ಇನ್ನೂ ಸಣ್ಣದಿದ್ದಾಗಲೇ. ಬಲಿತ ಹುಳುವಿಗೆ ಇದು ಅಷ್ಟಾಗಿ ನಾಟುವುದಿಲ್ಲ. ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಕಾಯಿ ಉಳಿಯಿತು, ಔಷಧಿ ಸಾಲವೂ ಇಳಿಯಿತು.

ಈಗ ಬೇವಿನ ಹಣ್ಣು ಉದುರುವ ಕಾಲಕ್ಕೆ ಸಂಘದ ಗೋದಾಮಿನ ಜಗಲಿಯ ನೆರಳಿನಲ್ಲಿ ಬೀಜ ಹರಡಿರುತ್ತೇವೆ. ಸದಸ್ಯರು ತರುವಾಗ ಬೂಷ್ಟು ಹಿಡಿದದ್ದನ್ನು ಮನೆಯಲ್ಲೇ ಆರಿಸಿ ಬಿಟ್ಟು ಬರಬೇಕು.